ಬಾಸಿಲಿಯಾಳ ಖಾರಕ್ಕೆ ಸೊಸೆಯ ನಾಲಿಗೆ

ತಿಕುಲ್ ಊರಿನಲ್ಲಿ ಮನೆಮನೆಯಲ್ಲೂ ಚಪ್ಪಲಿ ಹೊಲಿಯುತ್ತಾರೆ. ವಾರವಿಡೀ ಚರ್ಮ, ಅಂಟು, ಮೊಳೆ, ಸುತ್ತಿಗೆ. ಭಾನುವಾರ ಬೆಳಿಗ್ಗೆ ಮಾತ್ರ ಆ ಗಂಡಸರೆಲ್ಲ ಕೈ ತಿಕ್ಕಿ ತೊಳೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಾರುಕಟ್ಟೆಯ ಹಿಂಬದಿಯಲ್ಲಿದ್ದ ಬಾಸಿಲಿಯಾ ಚಬ್ಲೆಯ ಅಂಗಡಿಗೆ ಹೋಗಿ, ಬೆಂಚಿನ ಮೇಲೆ ಸಾಲಾಗಿ ಕೂತು ಅಳುತ್ತಿದ್ದರು.

ಅಳಿಸುತ್ತಿದ್ದುದು ಅವಳ ಶ್ನಿಪೆಕ್. ಹಬನೆರೊ ಮೆಣಸಿನಕಾಯಿ, ಕೆಂಪು ಈರುಳ್ಳಿ, ಟೊಮೇಟೊ, ಕೊತ್ತಂಬರಿ ಎಲ್ಲವನ್ನೂ ಸಣ್ಣಗೆ ಹೆಚ್ಚಿ, ಉಪ್ಪು ಬೆರೆಸಿ, ಮೇಲೆ ಹುಳಿಕಿತ್ತಳೆ ಹಿಂಡಿದರೆ ಅದೇ ಶ್ನಿಪೆಕ್. ಆ ಸೀಮೆಯ ಮೂಲಜನರಾದ ಮಾಯಾಗಳ ಮಾತಿನಲ್ಲಿ ಹಾಗೆಂದರೆ ನಾಯಿಯ ಮೂಗು. ತಿಂದವನ ಮೂಗು ನಾಯಿಯ ಮೂಗಿನಂತೆ ಒದ್ದೆಯಾಗಿರುತ್ತದೆ ಎಂದು ಹಿಂದಿನವರು ಇಟ್ಟ ಹೆಸರು, ಸುಳ್ಳಲ್ಲ.

ಬಾಳೆಲೆಯಲ್ಲಿ ಸುತ್ತಿ ನೆಲದ ಗುಂಡಿಯ ಕೆಂಡದಲ್ಲಿ ಬೇಯಿಸಿದ ಹಂದಿಮಾಂಸ ಊರಲ್ಲಿ ಇನ್ನೂ ನಾಲ್ಕು ಕಡೆ ಸಿಗುತ್ತಿತ್ತು. ಜನ ಬಾಸಿಲಿಯಾಳ ಬಳಿ ಬರುತ್ತಿದ್ದುದು ಮಾಂಸದ ಪಕ್ಕ ಇಟ್ಟಿರುತ್ತಿದ್ದ ಮಣ್ಣಿನ ಬಟ್ಟಲಿಗಾಗಿ. ಬಿಸಿ ಮೆಕ್ಕೆಜೋಳದ ರೊಟ್ಟಿಯಲ್ಲಿ ಮಾಂಸವಿಟ್ಟು ಮೇಲೊಂದು ಚಮಚ ಶ್ನಿಪೆಕ್ ಹಾಕಿಕೊಂಡರೆ ಮೊದಲ ತುತ್ತಿಗೆ ಏನೂ ಆಗುವುದಿಲ್ಲ. ಕಿತ್ತಳೆಯ ಪರಿಮಳ, ಈರುಳ್ಳಿಯ ಕರುಂಕುರುಂ, ಅಷ್ಟೇ. ಎರಡನೆಯದಕ್ಕೆ ನಾಲಿಗೆಯ ತುದಿಯಲ್ಲಿ ಒಂದು ಕಿಡಿ. ಮೂರನೆಯದಕ್ಕೆ ಕಿವಿ ಕಾದು, ನೆತ್ತಿ ಬೆವರಿ, ಮೂಗು ಹೊಳೆಯಾಗಿ, ಎದುರಿಗಿರುವವರು ಎರಡೆರಡಾಗಿ ಕಾಣುತ್ತಾರೆ. ಅಷ್ಟರಲ್ಲಿ ವಾರದ ಸುತ್ತಿಗೆ ಸದ್ದೆಲ್ಲ ತಲೆಯಿಂದ ಇಳಿದುಹೋಗಿರುತ್ತದೆ.

"ಪಾದ್ರಿ ಹತ್ರ ಪಾಪ ಎಲ್ಲ ಹೇಳ್ಕೊಂಡ್ರೂ ಇಷ್ಟು ಹಗುರ ಆಗಲ್ಲ ಕಣ್ರಯ್ಯಾ," ಎನ್ನುತ್ತಿದ್ದ ದೋನ್ ರೂಫೊ. ಅವನು ಊರಿನ ಚಪ್ಪಲಿಗಾರರಲ್ಲೆಲ್ಲ ಹಿರಿಯ. ಮೂವತ್ತು ವರ್ಷದಿಂದ ಆ ಬೆಂಚಿನ ಬಲತುದಿ ಅವನದೇ.

ಮರುದಿನದ ಕಥೆ ಬೇರೆ. ಸೋಮವಾರ ಬೆಳಿಗ್ಗೆ ತಿಕುಲಿನ ಕಾರ್ಖಾನೆಗಳಲ್ಲಿ ಯಾರಾದರೂ ಸ್ಟೂಲಿನ ಮೇಲೆ ಸರಿಯಾಗಿ ಕೂರಲಾರದೆ ಒಂದು ಪಕ್ಕಕ್ಕೆ ವಾಲಿ ಕೂತರೆ ಉಳಿದವರು ಕೇಳುತ್ತಿದ್ದರು: "ಏನಪ್ಪಾ, ದೋನ್ಯಾ ಬಾಸಿ ಇನ್ನೊಂದ್ಸಲ ಮಾತಾಡಿಸಿದ್ಲಾ?" ಊರವರ ಬಾಯಲ್ಲಿ ಬಾಸಿಲಿಯಾ ದೋನ್ಯಾ ಬಾಸಿ, ಅಂದರೆ ಬಾಸಿಯಮ್ಮ. ಒಳ್ಳೆಯ ಖಾರ ಎರಡು ಸಲ ಸುಡುತ್ತದೆ, ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಆದರೂ ಮುಂದಿನ ಭಾನುವಾರ ಬೆಂಚು ಖಾಲಿ ಇರುತ್ತಿರಲಿಲ್ಲ.

ಇಷ್ಟು ಜನರನ್ನು ಅಳಿಸಿದ ಬಾಸಿಲಿಯಾ ತಾನು ಮಾತ್ರ ಖಾರಕ್ಕೆ ಒಂದು ಹನಿ ಕಣ್ಣೀರು ಹಾಕಿದವಳಲ್ಲ. ಏಳು ವರ್ಷದವಳಿದ್ದಾಗ ಅಣ್ಣಂದಿರೊಡನೆ ಪಂತ ಕಟ್ಟಿ, ಹಿತ್ತಲ ಗಿಡದಿಂದ ಹಳದಿಗೆ ತಿರುಗಿದ್ದ ಹಬನೆರೊ ಕಿತ್ತು, ಸೀಬೆಹಣ್ಣಿನಂತೆ ಕಚಕಚ ಅಗಿದು ನುಂಗಿದ್ದಳು. ಅಣ್ಣಂದಿರು ಅವಳು ಅಳುವುದನ್ನು ನೋಡಲು ಸಂಜೆಯವರೆಗೆ ಹಿಂದೆ ಹಿಂದೆಯೇ ಸುತ್ತಿದರು. ಅವಳು ಕೋಳಿಗಳಿಗೆ ಕಾಳು ಹಾಕುತ್ತಾ, "ಇನ್ನೊಂದಿದೆಯೇನ್ರೋ?" ಎಂದು ಕೇಳಿದಳಂತೆ. ಅವಳ ನಾಲಿಗೆಗೆ ಚರ್ಮದ ಅಟ್ಟೆ ಹಾಕಿದ್ದಾರೆ ಎಂದು ಮನೆಯಲ್ಲಿ ತೀರ್ಮಾನವಾಯಿತು.

ಎರ್ಮಿಲೊ ಅವಳನ್ನು ಮದುವೆಯಾದದ್ದೂ ಖಾರದಿಂದಲೇ. ಹೆಂಗಸರ ಚಪ್ಪಲಿಗೆ ಪಟ್ಟಿ ಕೂರಿಸುವ ಕೆಲಸ ಕಲಿಯುತ್ತಿದ್ದ ಹುಡುಗ, ಅವಳ ತಾಯಿಯ ಅಂಗಡಿಗೆ ಬಂದು, ಬಡಿಸುತ್ತಿದ್ದ ಹುಡುಗಿಯ ಮುಂದೆ ಗಂಡಸುತನ ತೋರಿಸಲು ಮೂರು ಚಮಚ ಶ್ನಿಪೆಕ್ ಸುರಿದುಕೊಂಡ. ಹತ್ತು ನಿಮಿಷವಾದರೂ ಬಿಕ್ಕಳಿಕೆ ನಿಲ್ಲಲಿಲ್ಲ. ಬಾಸಿಲಿಯಾ ಅವನ ಅಂಗೈಯಲ್ಲಿ ಉಪ್ಪಿಟ್ಟು, "ನೆಕ್ಕು, ಮಾತಾಡ್ಬೇಡ," ಎಂದಳು. ಅವನು ನೆಕ್ಕಿದ. ಮುಂದಿನ ಮೂವತ್ತೈದು ವರ್ಷ ಹೆಚ್ಚುಕಡಿಮೆ ಹಾಗೆಯೇ ನಡೆಯಿತು.

ಕೋಪದಲ್ಲಿ ಹೆಚ್ಚಿದ ಮೆಣಸಿನಕಾಯಿಗೆ ಖಾರ ಜಾಸ್ತಿ ಎಂದು ಆ ಸೀಮೆಯ ನಂಬಿಕೆ. ಹಾಗಾಗಿ ಚಬ್ಲೆ ಮನೆಯ ಜಗಳಗಳು ಗುಟ್ಟಾಗಿ ಉಳಿಯುತ್ತಲೇ ಇರಲಿಲ್ಲ. ದೋನ್ ರೂಫೊ ಒಂದು ತುತ್ತು ತಿಂದು, ಕಣ್ಣೊರೆಸಿಕೊಂಡು, "ಎರ್ಮಿಲೊ, ಏನು ಮಾಡ್ದೆ ಮಾರಾಯ ಈ ವಾರ?" ಎಂದು ಎಲ್ಲರಿಗೂ ಕೇಳಿಸುವಂತೆ ವಿಚಾರಿಸುತ್ತಿದ್ದ.

ಐವತ್ತೇಳನೆಯ ವರ್ಷದಲ್ಲಿ ಬಾಸಿಲಿಯಾಳ ನಾಲಿಗೆ ಗಟ್ಟಿಯಾಗಿಯೇ ಇತ್ತು, ಕೈಕೊಟ್ಟಿದ್ದು ಹೊಟ್ಟೆ. ಊಟವಾದ ಮೇಲೆ ಎದೆಯ ಕೆಳಗೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟಂತೆ ಉರಿ. ಎರಡು ತಿಂಗಳು ಯಾರಿಗೂ ಹೇಳದೆ ತಣ್ಣನೆಯ ಅಕ್ಕಿಹಾಲು ಕುಡಿದು ಸಾಗಿಸಿದಳು. ಒಂದು ದಿನ ಅಂಗಡಿಯಲ್ಲೇ ಹೊಟ್ಟೆ ಹಿಡಿದುಕೊಂಡು ಕುಸಿದು ಕೂತಾಗ ಮಗ ವಿಲ್ಬೆರ್ತ್ ಅವಳ ಮಾತು ಕೇಳದೆ ಆಸ್ಪತ್ರೆಗೆ ಕರೆದೊಯ್ದ.

ರಾಜಧಾನಿಯಿಂದ ಬಂದಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ಮುಗಿಸಿ ಹೇಳಿದಳು: "ಹೊಟ್ಟೇಲಿ ಹುಣ್ಣಾಗಿದೆ. ಆರು ತಿಂಗಳು ಮೆಣಸಿನಕಾಯಿ ಮುಟ್ಟೋ ಹಾಗಿಲ್ಲ. ಹುಳಿಕಿತ್ತಳೆ ಇಲ್ಲ. ಕಾಫಿ ಇಲ್ಲ."

"ಉಸಿರಾಡ್ಬಹುದಾ?" ಎಂದಳು ಬಾಸಿಲಿಯಾ.

"ಆಡಿ, ದೀರ್ಘವಾಗಿ ಆಡಿ."

"ಡಾಕ್ಟರಮ್ಮಾ, ನಾನು ಅಡುಗೆ ಮಾಡಿ ಮಾರೋಳು. ರುಚಿ ನೋಡ್ದೆ ಜನಕ್ಕೆ ಹೇಗೆ ಕೊಡ್ಲಿ?"

"ನಾಲಿಗೇಲಿ ಇಟ್ಟು ಉಗುಳಿಬಿಡಿ."

ಬಾಸಿಲಿಯಾ ಕುರ್ಚಿಯಿಂದ ಎದ್ದೇಬಿಟ್ಟಳು. "ತಿನ್ನೋ ವಸ್ತು ಉಗುಳೋದಾ? ನಮ್ಮಮ್ಮ ಗೋರಿಯಿಂದ ಎದ್ದುಬಂದು ಕೆನ್ನೆಗೆ ಬಾರಿಸ್ತಾಳೆ!"

ಆದರೂ ಅವಳು ಹೆದರಿದ್ದಳು. ಅವಳ ತಾಯಿ ಸತ್ತದ್ದೂ ಹೊಟ್ಟೆಯ ಕಾಯಿಲೆಯಿಂದಲೇ. ಮನೆಗೆ ಬಂದು, ಇನ್ನು ಆರು ತಿಂಗಳು ನಾನು ಖಾರ ಮುಟ್ಟುವುದಿಲ್ಲ ಎಂದು ಗಂಡ, ಮಗ, ಸೊಸೆ ಮೂವರ ಮುಂದೆಯೂ ಹೇಳಿದಳು.

ಮೊದಲ ಭಾನುವಾರ ಬರೀ ಕೈಯಂದಾಜಿನ ಮೇಲೆ ಶ್ನಿಪೆಕ್ ಮಾಡಿದಳು. ದೋನ್ ರೂಫೊ ಒಂದು ರೊಟ್ಟಿ ತಿಂದ, ಎರಡು ತಿಂದ, ಕರವಸ್ತ್ರವನ್ನು ಮಡಿಕೆ ಬಿಚ್ಚದೆ ಜೇಬಿಗಿಟ್ಟುಕೊಂಡ. "ಏನು ಬಾಸಿ, ಈ ವಾರ ಯಾರ ಮೇಲೂ ಕೋಪಾನೇ ಬರ್ಲಿಲ್ವಾ?" ಎಂದ. ಅವನು ಮೆಲ್ಲಗೇ ಕೇಳಿದ್ದ. ಅವಳಿಗೆ ಆ ಮೆಲುದನಿಯೇ ಹೆಚ್ಚು ಚುಚ್ಚಿತು. ಎರಡನೆಯ ಭಾನುವಾರ ಹಟದಿಂದ ಎರಡು ಮುಷ್ಟಿ ಮೆಣಸಿನಕಾಯಿ ಹೆಚ್ಚಿ ಹಾಕಿದಳು. ಆವತ್ತು ಮೇರಿದಾ ಪಟ್ಟಣದಿಂದ ಚಪ್ಪಲಿ ಕೊಳ್ಳಲು ಬಂದಿದ್ದ ವ್ಯಾಪಾರಿಯನ್ನು ಬೆಂಚಿನ ಮೇಲೆ ಮಲಗಿಸಿ ರಟ್ಟಿನಿಂದ ಗಾಳಿ ಹಾಕಬೇಕಾಯಿತು.

ಗಂಡನ ಕೈಲಿ ರುಚಿ ನೋಡಿಸೋಣವೆಂದರೆ ಎರ್ಮಿಲೊ ಚಮಚ ಬಾಯಿಗೆ ಹೋಗುವ ಮೊದಲೇ "ಸೊಗಸಾಗಿದೆ" ಎನ್ನುತ್ತಿದ್ದ. ವಿಲ್ಬೆರ್ತನದು ತಾಯಿಯ ನಾಲಿಗೆ. ಕೆಂಡ ಇಟ್ಟರೂ ಉಪ್ಪು ಕಡಿಮೆ ಅನ್ನುವವನು.

ಉಳಿದವಳು ಸೊಸೆ ನೆಲ್ಸಿ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಸೆಲೆಸ್ತುನ್ ಕಡಲತೀರದ ಮೀನುಗಾರನ ಮಗಳು, ಹುಟ್ಟಿದಂದಿನಿಂದ ಖಾರ ತಿಂದವಳಲ್ಲ. ಮದುವೆಯ ಮಾರನೆಯ ದಿನ ಅತ್ತೆ ಬಡಿಸಿದ್ದನ್ನು ಬಾಯಿಗಿಟ್ಟು, ಕೆಂಪಗಾಗಿ, ಹಿತ್ತಲಿಗೆ ಓಡಿ, ಬಾನಿಯಲ್ಲಿ ಮುಖ ಅದ್ದಿದ್ದಳು. ಅಂದಿನಿಂದ ತನ್ನ ಪಾಡಿಗೆ ತಾನು ಸಪ್ಪೆ ಮೀನುಸಾರು ಮಾಡಿಕೊಂಡು ಉಣ್ಣುತ್ತಿದ್ದಳು. "ನನ್ನ ಮಗ ಹೆಂಡತೀನ ತಂದಿಲ್ಲ ಕಣೇ, ರೋಗೀನ ತಂದಿದಾನೆ. ಮೂರು ಹೊತ್ತೂ ಪಥ್ಯ!" ಎಂದು ಬಾಸಿಲಿಯಾ ಪಕ್ಕದ ಮನೆಯವಳ ಹತ್ತಿರ ಹೇಳಿದ್ದಳು. ಗೋಡೆ ತೆಳುವಾಗಿತ್ತು.

ಈಗ ಪಥ್ಯ ಅತ್ತೆಯ ಪಾಲಿಗೇ ಬಂತು. ನೆಲ್ಸಿ ತನ್ನ ಮೀನುಸಾರಿನ ಪಾತ್ರೆಗೆ ಇನ್ನೊಂದು ಚೊಂಬು ನೀರು ಸೇರಿಸಿ, ಅತ್ತೆಗೂ ಒಂದು ಬಟ್ಟಲು ಇಟ್ಟಳು. ಬಾಸಿಲಿಯಾ ಮೊದಲ ವಾರ ಅದನ್ನು ಕಣ್ಣುಮುಚ್ಚಿ, ಔಷಧಿಯೆಂದು ಕುಡಿದಳು. ಎರಡನೆಯ ವಾರ, ಬಟ್ಟಲು ಕೆಳಗಿಟ್ಟು ಗೋಡೆ ನೋಡುತ್ತಾ ಕೇಳಿದಳು: "ಇದಕ್ಕೆ ಏನೋ ಸೊಪ್ಪು ಹಾಕಿದೀಯಲ್ಲ?"

"ಕಾಡು ಓರೆಗಾನೊ, ಅತ್ತೆ. ಯಾವಾಗ್ಲೂ ಹಾಕ್ತೀನಿ."

"ಹೂಂ. ಗೊತ್ತಾಗುತ್ತೆ," ಎಂದಳು ಬಾಸಿಲಿಯಾ. ಅವಳ ಬಾಯಿಂದ ಅದು ದೊಡ್ಡ ಹೊಗಳಿಕೆ.

ಆ ಶನಿವಾರ ಬಾಸಿಲಿಯಾ ಮೆಣಸಿನಕಾಯಿ ಹೆಚ್ಚಿಟ್ಟು, ಚಮಚ ಕೈಯಲ್ಲಿ ಹಿಡಿದು, ಬಟ್ಟಲನ್ನೇ ದಿಟ್ಟಿಸುತ್ತಾ ಕೂತಿದ್ದಳು. ನೆಲ್ಸಿ ಬಂದು ಎದುರಿಗೆ ಸ್ಟೂಲು ಎಳೆದುಕೊಂಡಳು.

"ಕೊಡಿ ಅತ್ತೆ, ನಾನು ನೋಡ್ತೀನಿ."

"ನೀನಾ? ನಿನಗೆ ಟೂತ್‌ಪೇಸ್ಟೇ ಖಾರ!"

"ಅದಕ್ಕೇ ಹೇಳ್ತಿರೋದು. ಅವರ್ಯಾರಿಗೂ ಗೊತ್ತಾಗಲ್ಲ, ನನಗೆ ಗೊತ್ತಾಗುತ್ತೆ."

ಮಾತಿನಲ್ಲಿ ಹುರುಳಿತ್ತು. ಬಾಸಿಲಿಯಾ ಚಮಚದ ತುದಿಯಷ್ಟು ಕೊಟ್ಟಳು. ನೆಲ್ಸಿಯ ಕಿವಿ ದಾಸವಾಳದಂತೆ ಕೆಂಪಾದವು. ಎಡಗಣ್ಣಿನಲ್ಲಿ ಮೊದಲು ನೀರು ಬಂತು, ಆಮೇಲೆ ಬಲಗಣ್ಣು. ಮೂಗು. ಕೊನೆಗೆ ಇಡೀ ಮೈ ಕುಲುಕುವಂತೆ ಒಂದು ಬಿಕ್ಕಳಿಕೆ. ಬಾಸಿಲಿಯಾ ಮುಂದಕ್ಕೆ ಬಾಗಿ, ಆ ಮುಖವನ್ನು ಹಾಲು ಉಕ್ಕುವುದನ್ನು ನೋಡುವವಳಂತೆ ನೋಡಿದಳು. ಅವಳ ಮುಖವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಎಡಹುಬ್ಬಿನಲ್ಲಿ ಗಾಳದ ಕೊಕ್ಕೆ ತಾಗಿದ ಹಳೆಯ ಗಾಯದ ಗೆರೆಯೊಂದಿತ್ತು.

ಉಪ್ಪು ಕೊಟ್ಟರೂ ನೆಲ್ಸಿಯ ಕಣ್ಣೀರು ನಿಲ್ಲಲಿಲ್ಲ. ಅಳುತ್ತಲೇ ಅಂದಳು: "ನೀವು ನನ್ನನ್ನ ರೋಗಿ ಅಂದ್ರಿ. ನಾನು ಕೇಳಿಸ್ಕೊಂಡೆ."

ಬಾಸಿಲಿಯಾ ಉಪ್ಪಿನ ಡಬ್ಬಿ ಮುಚ್ಚಿ ಕೆಳಗಿಟ್ಟಳು.

"ನಮ್ಮಪ್ಪ ದೋಣೀಲಿ ನಾಲ್ಕು ನಾಲ್ಕು ದಿನ ಇರ್ತಿದ್ರು. ಕುಡಿಯೋ ನೀರು ಒಂದೇ ಡ್ರಮ್ಮು. ಖಾರ ತಿಂದವನು ಎಲ್ಲರ ನೀರೂ ಕುಡಿದುಬಿಡ್ತಾನೆ ಅಂತ ನಮ್ಮನೇಲಿ ಮೆಣಸಿನಕಾಯಿ ತರ್ತಾನೇ ಇರ್ಲಿಲ್ಲ. ಅದರಲ್ಲಿ ನನ್ನ ತಪ್ಪೇನು?" ಎಂದು ಬಿಕ್ಕಿದಳು, ಖಾರದ ಬಿಕ್ಕೋ ಅಳುವಿನ ಬಿಕ್ಕೋ ತಿಳಿಯಲಿಲ್ಲ. "ಇಲ್ಲಿ ಬರೀ ಅಂಟಿನ ವಾಸನೆ. ಅಲ್ಲಿ ಬೆಳಿಗ್ಗೆ ಎದ್ರೆ ಕಡಲು."

ಬಾಸಿಲಿಯಾಗೆ ಸಮಾಧಾನ ಹೇಳಿ ಅಭ್ಯಾಸವಿರಲಿಲ್ಲ. ಉಡುಪಿಗೆ ಸೆರಗಿರಲಿಲ್ಲವಾದ್ದರಿಂದ ಹೆಗಲ ಮೇಲಿದ್ದ ಶಾಲಿನ ತುದಿಯಿಂದಲೇ ಸೊಸೆಯ ಮೂಗು ಒರೆಸಿ, "ಜೋರಾಗಿ ಸೀಟು," ಎಂದಳು. ಶಾಲನ್ನು ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತಾ, "ನನ್ನ ಬಾಯಿ ಅಷ್ಟೇ ಕಣೇ ಮಗಳೇ. ಖಾರ ತಿಂದೂ ತಿಂದೂ ಮಾತೂ ಹಾಗೇ ಬರುತ್ತೆ," ಎಂದಳು. ಆಮೇಲೆ ಬಟ್ಟಲಿಗೆ ಇನ್ನರ್ಧ ಕಾಯಿ ಹಾಕಿದಳು.

ಮರುದಿನ ದೋನ್ ರೂಫೊ ಮೊದಲ ರೊಟ್ಟಿಗೇ ಕರವಸ್ತ್ರ ಬಿಚ್ಚಿದ. ಎರಡನೆಯದಕ್ಕೆ ಮೂಗು ಸೀಟಿದ. "ಬಂತಪ್ಪಾ ನಮ್ಮ ಬಾಸಿ ವಾಪಸ್ಸು!" ಎಂದು ಬೆಂಚು ತಟ್ಟಿದ.

"ನಾನಲ್ಲ, ಸೊಸೆ ನಾಲಿಗೆ," ಎಂದಳು ಬಾಸಿಲಿಯಾ. ಆ ಮಾತು ಹೇಳುವಾಗ ಅವಳ ಸ್ವರ ಸ್ವಲ್ಪ ಏರಿತ್ತು, ಹಿಂದೆ ರೊಟ್ಟಿ ತಟ್ಟುತ್ತಿದ್ದ ನೆಲ್ಸಿಗೆ ಕೇಳಲೆಂದೇ.

ಅಂದಿನಿಂದ ಪ್ರತಿ ಶನಿವಾರ ಅದೇ ಕ್ರಮ. ಕಿವಿ ಕೆಂಪಾಗಿ, ಎರಡೂ ಕಣ್ಣು ತುಂಬಿ, ಹತ್ತು ಎಣಿಸುವಷ್ಟರಲ್ಲಿ ಒಂದೇ ಒಂದು ಬಿಕ್ಕಳಿಕೆ ಬಂದರೆ ಹದ ಸರಿ ಎಂದು ಲೆಕ್ಕ. ಬಿಕ್ಕಳಿಕೆ ಬರುವವರೆಗೆ ಕಾಯಿ ಹೆಚ್ಚಿ ಹಾಕುವುದು. ಮಧ್ಯೆ ಮಧ್ಯೆ ನೆಲ್ಸಿ ಕಡಲಿನ ಕಥೆ ಹೇಳುವಳು, ಬಾಸಿಲಿಯಾ ಊರವರ ಗುಟ್ಟು ಹೇಳುವಳು. ಎರಡು ತಿಂಗಳು ಎಲ್ಲವೂ ಸುಗಮವಾಗಿತ್ತು.

ಮೂರನೆಯ ತಿಂಗಳಿನಿಂದ, ಅಲ್ಲಿಯವರೆಗೆ ಹದಕ್ಕೆ ಸಾಕಾಗುತ್ತಿದ್ದ ಆರು ಕಾಯಿ ಸಾಲದಾಯಿತು. ಎಂಟು ಬೇಕಾಯಿತು, ಹತ್ತು ಬೇಕಾಯಿತು. "ಈ ವರ್ಷದ ಕಾಯಿ ಸಪ್ಪೆ. ಮಳೆ ಜಾಸ್ತಿಯಾಗಿ ನೀರು ಕುಡಿದುಬಿಟ್ಟಿದೆ," ಎಂದು ಬಾಸಿಲಿಯಾ ಕಾಯಿ ಮಾರುವವನನ್ನು ಬೈದಳು. ಹದಿನಾಲ್ಕಕ್ಕೆ ಬಂದಾಗ ಅವನು ಬೇಸತ್ತು ಅವಳ ಮುಂದೆಯೇ ಒಂದು ಕಾಯಿ ಕಚ್ಚಿ, ಮಾತು ಹೊರಡದೆ ಹೊರಟುಹೋದ.

ಗಂಡಸರು ಬಾಯಿಬಿಡಲಿಲ್ಲ. ಖಾರ ಹೆಚ್ಚಾಯಿತೆಂದು ತಿಕುಲಿನಲ್ಲಿ ಯಾವ ಗಂಡಸೂ ಮೊದಲು ಹೇಳುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬೆವರಿ, ತಿಂದು, ಎದ್ದು ಇಗರ್ಜಿಗೆ ಹೋದರು. ಪಾದ್ರಿ ಅನ್ಸೆಲ್ಮೊ ಪೂಜೆಯ ಪವಿತ್ರ ರೊಟ್ಟಿಯನ್ನು ಮೇಲೆತ್ತಿ ಹಿಡಿದ ಆ ನಿಶ್ಶಬ್ದದಲ್ಲಿ ಮುಂದಿನ ಸಾಲಿನಿಂದ ಒಂದು "ಹಿಕ್" ಕೇಳಿಸಿತು. ಎಡಗಡೆಯಿಂದ ಉತ್ತರ ಬಂತು. ಆಮೇಲೆ ಹಿಂದಿನಿಂದ ಮೂರು. ಮಳೆಗಾಲದ ಕೆರೆಯ ಕಪ್ಪೆಗಳ ಹಾಗೆ ಇಡೀ ಇಗರ್ಜಿ ವಟಗುಟ್ಟತೊಡಗಿತು.

ಮುಂದಿನ ಭಾನುವಾರ ಪೂಜೆ ಮುಗಿಸಿ ಪಾದ್ರಿ ಖುದ್ದಾಗಿ ಅಂಗಡಿಗೆ ಬಂದ. ದಪ್ಪ ಮನುಷ್ಯ, ಊಟದ ವಿಷಯದಲ್ಲಿ ಗಂಭೀರ.

"ದೋನ್ಯಾ ಬಾಸಿ, ನನ್ನ ಹಿಂಡನ್ನೆಲ್ಲ ಏನು ಮಾಡಿದೀರಿ ನೀವು? ವಿಚಾರಣೆ ಮಾಡೋಕೆ ಬಂದಿದೀನಿ."

"ತಿಂದು ವಿಚಾರಿಸಿ ಸ್ವಾಮಿ."

ಪಾದ್ರಿ ನಾಲ್ಕು ರೊಟ್ಟಿಯಷ್ಟು ವಿಚಾರಿಸಿದ. ಕಣ್ಣೊರೆಸಿಕೊಂಡು, "ಇದು ಪಾಪ ಅಂತ ಎಲ್ಲೂ ಬರೆದಿಲ್ಲ," ಎಂದು ಎದ್ದ. ಆದರೆ ಮಧ್ಯಾಹ್ನ ಒಂದು ಮಗುವಿನ ನಾಮಕರಣವಿತ್ತು. ನೀರು ಚಿಮುಕಿಸಿ ಹೆಸರು ಕರೆಯುವಾಗ ಅವನ ಬಾಯಿಂದ ಬಂದದ್ದು "ಮಾರ್—ಹಿಕ್—ಸೆಲಿನೊ". ಮಗುವಿನ ಅಜ್ಜಿ ಗಾಬರಿಯಾಗಿ, "ಸ್ವಾಮೀ, ದೇವರ ಹತ್ರಾನೂ ಹಾಗೇ ದಾಖಲಾಯ್ತಾ?" ಎಂದು ಕೇಳಿದಳು. ಸಂಜೆಯೊಳಗೆ ಊರಲ್ಲೆಲ್ಲ ಆ ಮಗುವಿಗೆ ಹಿಕ್ಸೆಲಿನೊ ಎಂದೇ ಹೆಸರಾಯಿತು.

ಸುದ್ದಿ ಕೇಳಿ ಬಾಸಿಲಿಯಾ ಉಳಿದ ಬಟ್ಟಲನ್ನು ಮೂಸಿ ನೋಡಿದಳು. ವಾಸನೆಗೇ ಕಣ್ಣು ಚುರುಗುಟ್ಟಿತು. ನೆಲ್ಸಿ ತಲೆ ತಗ್ಗಿಸಿ ನಿಂತಿದ್ದಳು.

"ಅತ್ತೆ, ಕಾಯಿ ಸಪ್ಪೆ ಅಲ್ಲ. ನನ್ನ ನಾಲಿಗೆ ದಪ್ಪ ಆಗಿದೆ."

"ಯಾವಾಗಿಂದ?"

"ಅಮ್ಮಾ, ಎರಡು ತಿಂಗಳಾಯ್ತು, ಮೀನುಸಾರಿಗೆ ಅರ್ಧ ಕಾಯಿ ಕಿವುಚ್ಕೊಂಡು ತಿಂತಿದಾಳೆ," ಎಂದ ವಿಲ್ಬೆರ್ತ್. "ನಿಮಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಲು. ರುಚಿ ನೋಡೋ ಕೆಲಸ ಹೋಗುತ್ತೆ ಅಂತ ಭಯ."

ಬಾಸಿಲಿಯಾ ನಗಲು ಶುರುಮಾಡಿದವಳು ಬಾಳೆಲೆಯ ಕಟ್ಟಿನ ಮೇಲೆ ಕೂತೇಬಿಟ್ಟಳು. "ಅಯ್ಯೋ ಕಳ್ಳೀ! ರೋಗಿ ಅಂದಿದ್ನಲ್ಲ, ಈಗ ಊರನ್ನೇ ರೋಗಿ ಮಾಡಿದೀಯ!" ನೆಲ್ಸಿಗೂ ನಗು ಬಂತು. ಮುಂದಿನ ವಾರದಿಂದ ಬಿಕ್ಕಳಿಕೆಯ ಲೆಕ್ಕ ಬಿಟ್ಟು ಏಳೇ ಕಾಯಿ ಎಂದು ನಿಗದಿ ಮಾಡಿಕೊಂಡು ಹೇಗೋ ನಡೆಸಿದರು.

ಆರು ತಿಂಗಳಾದ ಮೇಲೆ ಡಾಕ್ಟರಮ್ಮ ಮತ್ತೆ ಪರೀಕ್ಷೆ ಮಾಡಿ, "ಹುಣ್ಣು ವಾಸಿಯಾಗಿದೆ. ವಾರಕ್ಕೊಂದ್ಸಲ, ಸ್ವಲ್ಪವೇ ಸ್ವಲ್ಪ ತಿನ್ನಬಹುದು," ಎಂದಳು. ಬಾಸಿಲಿಯಾ ಮನೆಗೆ ಬಂದು ಮುಖ ತೊಳೆದು, ತಲೆ ಬಾಚಿ, ಹೂವಿನ ಕಸೂತಿಯ ಬಿಳಿ ಉಡುಪು ಹಾಕಿಕೊಂಡಳು. ಬಿಸಿ ರೊಟ್ಟಿ, ಮೇಲೆ ಚಿಟಿಕೆಯಷ್ಟು ಶ್ನಿಪೆಕ್. ಮನೆಯವರೆಲ್ಲ ಸುತ್ತ ನಿಂತರು.

ಎರಡನೆಯ ತುತ್ತಿಗೆ ಅವಳ ಕಿವಿ ಬಿಸಿಯಾದವು. ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಕಣ್ಣು ತುಂಬಿ ಕೆನ್ನೆಯ ಮೇಲೆ ಇಳಿಯಿತು. ಆಮೇಲೆ ಬಿಕ್ಕಳಿಕೆ. ಆರು ತಿಂಗಳ ಮೀನುಸಾರು ಅವಳ ನಾಲಿಗೆಯ ಅಟ್ಟೆಯನ್ನು ಕಿತ್ತುಹಾಕಿತ್ತು.

"ಬಾಸೀ! ಡಾಕ್ಟರನ್ನ ಕರೀರೋ!" ಎಂದು ಎರ್ಮಿಲೊ ಕೂಗಿದ. ಹೆಂಡತಿ ಖಾರಕ್ಕೆ ಅಳುವುದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

"ಸುಮ್ನಿರ್ರೀ," ಎಂದು ಅವಳು ಕೈ ಎತ್ತಿದಳು. ಹೊಟ್ಟೆ ಉರಿಯುತ್ತಿರಲಿಲ್ಲ. ಮೂಗು ಸುರಿಯುತ್ತಿತ್ತು, ತುಟಿ ಊದಿದಂತಿತ್ತು, ನೆತ್ತಿಯ ಮೇಲೆ ತಂಗಾಳಿ ಬೀಸಿದಂತಾಯಿತು. ಸ್ವಲ್ಪ ಹೊತ್ತಿಗೆ ಮೈಯೆಲ್ಲ ಹಗುರಾಗಿ, ಹಿತ್ತಲ ಬಾಳೆಗಿಡಗಳೂ ಹಗ್ಗದ ಮೇಲಿನ ಬಟ್ಟೆಗಳೂ ಈಗಷ್ಟೇ ತೊಳೆದಿಟ್ಟಂತೆ ಕಂಡವು. ಅವಳು ಬೆರಗಾಗಿ ಸೊಸೆಯ ಕಡೆ ತಿರುಗಿದಳು. "ಇಷ್ಟು ವರ್ಷ ಇವರೆಲ್ಲ ಇದನ್ನಾ ತಿಂತಿದ್ದಿದ್ದು? ನನಗೆ ಮಾತ್ರ ಯಾರೂ ಹೇಳ್ಲೇ ಇಲ್ವಲ್ಲೇ!"

ಅಂದಿನಿಂದ ಹೆಚ್ಚುವ ಕತ್ತಿ ನೆಲ್ಸಿಯ ಕೈಗೆ ಬಂತು. ಅಂಗಡಿಯ ಮುಂಭಾಗಕ್ಕೂ ಅವಳೇ ಬಂದಳು. ಓರೆಗಾನೊ ಹಾಕಿದ ಮೀನುಸಾರೂ ಭಾನುವಾರದ ಊಟಕ್ಕೆ ಸೇರಿತು. ಅದನ್ನು ಮೊದಲು ಕೇಳಿ ಪಡೆದವನು ಪಾದ್ರಿ.

ಆ ವರ್ಷದ ಕೊನೆಗೆ, ಒಳ್ಳೆಯ ಬಿಸಿಲಿನ ದಿನವೊಂದರಲ್ಲಿ, ಬಾಸಿಲಿಯಾ ಬದುಕಿನಲ್ಲಿ ಮೊದಲ ಬಾರಿ ಅಂಗಡಿ ಮುಚ್ಚಿ ಪ್ರಯಾಣ ಹೊರಟಳು. ಮೇರಿದಾದಲ್ಲಿ ಬಸ್ಸು ಬದಲಿಸಿ, ನೆಲ್ಸಿಯೊಡನೆ ಸೆಲೆಸ್ತುನ್ ತಲುಪಿದಾಗ ಮಧ್ಯಾಹ್ನವಾಗಿತ್ತು. ಅರ್ಧ ದಿನದ ದಾರಿಯಲ್ಲೇ ಇದ್ದ ಕಡಲನ್ನು ಅವಳು ಐವತ್ತೆಂಟು ವರ್ಷ ನೋಡಿರಲಿಲ್ಲ. ಬೀಗರು ದೋಣಿಯ ನೆರಳಲ್ಲಿ ಮೀನು ಸುಡುತ್ತಿದ್ದರು. ಬಾಸಿಲಿಯಾ ಗಂಡ ಹೊಲಿದುಕೊಟ್ಟ ಹೊಸ ಚಪ್ಪಲಿಯನ್ನು ಮರಳಿನ ಮೇಲೆ ಜೋಡಿಸಿಟ್ಟು, ಮೊಣಕಾಲಿನವರೆಗೆ ನೀರಿಗಿಳಿದು, ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ತಾಗಿಸಿದಳು.

"ಉಪ್ಪು ಸರಿಯಾಗಿದೆಯಾ ಅತ್ತೆ?" ಎಂದು ನೆಲ್ಸಿ ದಡದಿಂದ ಕೂಗಿದಳು.

"ಒಂಚೂರು ಜಾಸ್ತಿ," ಎಂದಳು ಬಾಸಿಲಿಯಾ. "ಮೀನು ತಿರುಗಿಸಿ ಹಾಕು ಅನ್ನು ನಿಮ್ಮಪ್ಪನಿಗೆ, ಸೀದ ವಾಸನೆ ಬರ್ತಿದೆ."